‘ಯಾರ ಮನೆ?’ ಎನ್ನುತ್ತಿದ್ದ ಕಮಲತ್ತೆ

ಕಮಲತ್ತೆ ಮಾತಾಡುತ್ತಿದ್ದುದು ಗೇಟಿನ ಚಿಲಕದ ಮೇಲೆ ಕೈಯಿಟ್ಟುಕೊಂಡು. ಎದುರಿಗಿರುವವರು "ಯಾರ ಮನೆ?" ಎಂಬ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವ ತನಕ ಚಿಲಕ ತೆರೆಯುತ್ತಿರಲಿಲ್ಲ. ಗ್ಯಾಸ್ ತಂದವನು, ಮತ ಕೇಳಲು ಬಂದವರು, ನನ್ನ ಕಾಲೇಜಿನ ಗೆಳತಿಯರು, ಯಾರಿಗೂ ವಿನಾಯಿತಿಯಿಲ್ಲ. ಅವರು ನನಗೆ ನೆಂಟರಲ್ಲ. ಬಸವನಗುಡಿಯಲ್ಲಿ ನಮ್ಮ ಪಕ್ಕದ ಮನೆಯವರು, ಎರಡೂ ಮನೆಗೆ ಒಂದೇ ಗೇಟು. ನನಗೆ ದಿನಚರಿ ಬರೆಯುವ ಹುಚ್ಚು. ಅವರು ಹಾಗೆ ಕೇಳಿದಾಗಲೆಲ್ಲ ಪುಟದ ಅಂಚಿಗೊಂದು ಗೆರೆ ಎಳೆಯತೊಡಗಿದೆ. ತಿಂಗಳೊಳಗೆ ಅಂಚಿನಲ್ಲಿ ಜಾಗ ಸಾಲದೆ ಕೈಬಿಟ್ಟೆ.

2003ರ ಶ್ರಾವಣದಲ್ಲಿ ಆ ಪ್ರಶ್ನೆ ನನಗೇ ಬಂತು. ಗಾಂಧಿ ಬಜಾರಿನ ಬ್ರೌಸಿಂಗ್ ಸೆಂಟರಿನಲ್ಲಿ ಚಾಟ್ ಮಾಡುತ್ತ ನನಗೆ ಕಾವ್ಯ ಸಿಕ್ಕಿದ್ದಳು. ತ್ಯಾಗರಾಜನಗರದವಳಂತೆ, ನನ್ನದೇ ವಯಸ್ಸಂತೆ. "ನಮ್ಮಮ್ಮ ಒಂದು ವ್ರತಾನೂ ಬಿಡಲ್ಲ ಕಣೇ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಗೊಣಗುತ್ತಿದ್ದಳು. ನಾನು ನನ್ನ ಫೋಟೋ ಕಳಿಸಿದ್ದೆ, ಅವಳದು ಬಂದಿರಲಿಲ್ಲ. ಒಂದು ಗುರುವಾರ ಸಂಜೆ ಬರೆದಳು: "ನಾಳೆ ಮಧ್ಯಾಹ್ನ ಬಾ. ಮನೇಲಿ ಯಾರೂ ಇರಲ್ಲ. ಬಸ್ ಸ್ಟಾಪಿಗೆ ನಮ್ಮಣ್ಣ ಬರ್ತಾನೆ."

ಮನೆಗೆ ಮರಳುವಾಗ ಗೇಟಿನಲ್ಲಿ ಕಮಲತ್ತೆ, ಕೈಯಲ್ಲಿ ಮಾರ್ಕೆಟ್ಟಿನಿಂದ ತಂದ ಸೇವಂತಿಗೆಯ ಚೀಲ. ನಾಳೆ ಗೆಳತಿಯನ್ನು ನೋಡಲು ಹೋಗುತ್ತೇನೆಂದೆ.

"ಯಾರ ಮನೆ?"

ರೇಗಿ ಎಲ್ಲವನ್ನೂ ಒದರಿಬಿಟ್ಟೆ.

"ಅವರಮ್ಮ ವ್ರತ ಬಿಡಲ್ಲ ಅಂತೀಯ. ನಾಳೆ ವರಮಹಾಲಕ್ಷ್ಮಿ. ಮನೇಲಿ ಯಾರೂ ಇರಲ್ವಾ? ಕುಂಕುಮಕ್ಕೆ ಬಂದೋರಿಗೆ ಲಕ್ಷ್ಮೀನೇ ಎದ್ದು ಬಾಗಿಲು ತೆಗೀತಾಳೇನೇ?"

ಅವರು ನನ್ನಿಂದಲೇ ಅಮ್ಮನಿಗೆ ವಿಷಯ ಹೇಳಿಸಿದರು. ಆಮೇಲೆ "ನಡಿ, ಆ ಅಂಗಡಿ ತೋರ್ಸು" ಎಂದು ಹೊರಟೇಬಿಟ್ಟರು. ಹೂವಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರಿನ ಮುಂದೆ ನನ್ನ ಪಕ್ಕದಲ್ಲೇ ಕೂತರು. ಕಾವ್ಯ ಇನ್ನೂ ಅಲ್ಲೇ ಇದ್ದಳು.

"ಕೇಳು, ನಾಳೆ ಹಬ್ಬಕ್ಕೆ ನಿಮ್ಮಮ್ಮ ಏನು ಮಾಡ್ತಾರೆ ಅಂತ."

"ನಾಳೆ ಯಾವ ಹಬ್ಬ?" ಎಂದು ಉತ್ತರ ಬಂತು.

"ಬರಿ. ನಾನು ಇವಳ ಅತ್ತೆ. ನೀನು ಯಾರ ಮನೆಯೋನಪ್ಪ?"

ಉತ್ತರ ಬಂತು: "ಫೋಟೋ ನನ್ನ ಹತ್ರ ಇದೆ. ಕಾಲೇಜಿಗೆಲ್ಲಾ ಹಂಚ್ತೀನಿ."

ನನಗೆ ಅಳು ಬಂತು.

"ಯಾವ ಫೋಟೋನೇ?"

"ಅಕ್ಕನ ಮದುವೇದು. ಹಸಿರು ಲಂಗ ದಾವಣಿ."

"ನಿನ್ನ ಪಕ್ಕ ನಾನಿದೀನಲ್ಲ, ಅದಾ? ಹಂಚು, ನನ್ನ ಮುಖ ಮಾತ್ರ ಕತ್ತರಿಸ್ಬೇಡ ಅಂತ ಬರಿ. ಇವಳಮ್ಮನಿಗೂ ಎಲ್ಲಾ ಗೊತ್ತು ಅಂತ್ಲೂ ಬರಿ."

ಕಾವ್ಯ ಎಂಬ ಹೆಸರು ಪರದೆಯಿಂದ ಮಾಯವಾಯಿತು. ಮತ್ತೆಂದೂ ಬರಲಿಲ್ಲ. ದಾರಿಯಲ್ಲಿ ಅತ್ತೆ ಒಂದು ಮಾತೂ ಬೈಯಲಿಲ್ಲ. ಗೇಟು ಹಾಕಿಕೊಳ್ಳುವಾಗ, "ಕೇಳೋದಕ್ಕೆ ಏನೇ ನಾಚ್ಕೆ?" ಎಂದರು, ಅಷ್ಟೇ.

ಐದು ವರ್ಷದ ಮೇಲೆ ಅವರನ್ನು ಕೊನೆಯ ಸಲ ನೋಡಿದ್ದೂ ಅದೇ ಗೇಟಿನಲ್ಲಿ. ಮರೆವು ಹೆಚ್ಚಾಗಿತ್ತು. ಕೈ ಮಾತ್ರ ಚಿಲಕದ ಮೇಲಿತ್ತು.

"ಯಾರ ಮನೆ ಮಗು ನೀನು?"

"ಪಕ್ಕದ ಮನೆ, ಅತ್ತೆ. ಸಾವಿತ್ರಿ ಮಗಳು."

"ಹಾಗಂತ ಯಾರು ಬೇಕಾದ್ರೂ ಹೇಳಬಹುದು. ಹಬ್ಬಕ್ಕೆ ನಿಮ್ಮಮ್ಮ ಏನು ಮಾಡ್ತಾಳೆ?"

"ಒಬ್ಬಟ್ಟು. ಹೂರಣ ಪ್ರತಿ ಸಲ ನೀರಾಗುತ್ತೆ. ನೀವೇ ಬಂದು ಸರಿಮಾಡ್ತಿದ್ರಿ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಿಲಕ ತೆಗೆದರು.