ಇಬ್ಬರು ಮಲ್ಲಪ್ಪಂದಿರಿಗೆ ಒಂದೇ ಕೀ

ಹುಣಸಗಿಯ ಒಂದು ಕಚೇರಿಯಲ್ಲಿ, ಕಾಲುವೆ ನೀರಿನ ಪಾಳಿ ಯಾವ ರೈತನಿಗೆ ಯಾವತ್ತು ಎಂಬುದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದಾಗಿತ್ತು. ಒಬ್ಬನನ್ನು ಇನ್ನೊಬ್ಬನಿಂದ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಬೇಕಲ್ಲ, ಅದಕ್ಕೆ ಹೆಸರು, ತಂದೆಯ ಹೆಸರು, ಊರು ಮೂರನ್ನೂ ಸೇರಿಸಿಟ್ಟಿದ್ದೆ. ಮೂರೂ ಒಂದೇ ಆಗಿರುವ ಇಬ್ಬರು ಎಲ್ಲಿ ಸಿಗುತ್ತಾರೆ?

ಸಿಕ್ಕರು. ಪಾಳಿಯೇ ಬಂದಿಲ್ಲವೆಂದು ಮಲ್ಲಪ್ಪ ಎಂಬ ರೈತ ಬಂದ. ಅವನ ಭತ್ತ ಒಣಗುತ್ತಿತ್ತು. ಹೆಸರು ಹಾಕಿದರೆ, ಈ ಮನುಷ್ಯ ಆಗಲೇ ಇದ್ದಾನೆಂದು ಕಂಪ್ಯೂಟರ್ ಒಪ್ಪಲಿಲ್ಲ.

"ಅಂವ ನಮ್ಮಣ್ಣರಿ. ಮನಿದೇವರ ಹೆಸರು ಇಬ್ಬರಿಗೂ ಇಟ್ಟಾರ. ಹೊಲ ಪಾಲಾದಾಗಿಂದ ನಮ್ಮಿಬ್ಬರಿಗೆ ಮಾತಿಲ್ಲ. ನಿಮ್ಮ ಕಂಪ್ಯೂಟರ್ ಮತ್ತ ಒಂದ ಮಾಡ್ಯದ ನೋಡ್ರಿ!"

ಅಣ್ಣನನ್ನೂ ಕರೆಸಿದೆ. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕುಳಿತರು. ಇನ್ನು ಮೇಲೆ ಒಬ್ಬೊಬ್ಬರಿಗೆ ಒಂದೊಂದು ನಂಬರ್, ಅದೇ ಕೀ ಎಂದು ವಿವರಿಸಿದೆ.

"ಮೊದಲಿನ ನಂಬರ್ ಯಾರಿಗ್ರಿ?" ಎಂದ ಅಣ್ಣ.

"ಯಾರಿಗಾದರೂ ಸರಿ. ಅದಕ್ಕೇನೂ ಅರ್ಥ ಇಲ್ಲ, ಬರೀ ಗುರುತು."

ತಮ್ಮನು ನೆಲ ನೋಡುತ್ತ, "ಅಣ್ಣಗ ಕೊಡ್ರಿ. ದೊಡ್ಡಾಂವ ಅದಾನ," ಎಂದ.

ಅಣ್ಣ ತಮ್ಮನ ಕಡೆ ತಿರುಗದೆಯೇ ಕೇಳಿದ:

"ನೆಲ್ಲು ಭಾಳ ಒಣಗ್ಯದೇನು?"

"ಹೂಂ."

"ನಾಳಿ ನನ್ನ ಪಾಳಿ ಅದ. ನೀರು ನೀನ ಬಿಟ್ಕೋ."

ಕೀಗೆ ಅರ್ಥವೇ ಇರಬಾರದು ಎಂದು ನಾನು ಕಲಿತದ್ದು ಸುಳ್ಳಲ್ಲ. ಅವತ್ತು ಅದನ್ನು ಇನ್ನೊಮ್ಮೆ ಹೇಳಲು ಬಾಯಿ ಬರಲಿಲ್ಲ.