ಅಮ್ಮನ ಹೆಸರಿನ ರಿವಾಲ್ವರ್

ಮೊನ್ನೆ ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಶಿರಸಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದ ಬೆಂಚಿನ ಮೇಲೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಆಟದ ಪಿಸ್ತೂಲಿನಿಂದ ಕೇಪು ಹೊಡೆದಳು. ಸದ್ದಿಗೆ ನಾನು ತಿರುಗಲಿಲ್ಲ, ಹಿಂದೆಯೇ ತೇಲಿ ಬಂದ ಸುಟ್ಟ ಮದ್ದಿನ ವಾಸನೆಗೆ ತಿರುಗಿದೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಎದುರಿನ ಲಾರಿಗಳು, ಜನ, ಗದರುತ್ತಿದ್ದ ಅವಳ ಅಜ್ಜಿ, ಎಲ್ಲ ಮಸುಕಾದವು. ಶಿರಸಿಯ ಒಂದು ಹಿತ್ತಲು, ಮಸಿ ಬಳಿದ ಗೋಡೆ, ಅದರೆದುರು ಕೈಯೆತ್ತಿ ನಿಂತ ಕೋವಿ ಸಾಹೇಬರು...

ಶಿರಸಿಯ ಪೇಟೆಯಲ್ಲಿ ಅವರದು ಕೋವಿ ರಿಪೇರಿ ಅಂಗಡಿ. ಗದ್ದೆಗೆ ನುಗ್ಗುವ ಹಂದಿ ಓಡಿಸಲು ಲೈಸೆನ್ಸಿನ ಕೋವಿ ಇಟ್ಟುಕೊಂಡವರೆಲ್ಲ ಅವರಲ್ಲಿಗೇ ಬರುತ್ತಿದ್ದರು. ಅಂಗಡಿಯ ಮೂಲೆಯಲ್ಲೊಂದು ಗಾಜಿನ ಕಪಾಟು. ಅದರಲ್ಲಿ ಶಾಲೆಗಳ ಕ್ರೀಡಾಕೂಟಕ್ಕೆ ಬೇಕಾಗುವ ರಿವಾಲ್ವರುಗಳು ಇರುತ್ತಿದ್ದವು. ಗುಂಡಿಲ್ಲದ, ಬರೀ ಮದ್ದಿನ ಕೇಪು ಹಾಕಿ ಓಟ ಬಿಡುವಂಥವು.

ನಾನು ಯಲ್ಲಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್. ತಾಲೂಕು ಕ್ರೀಡಾಕೂಟದಲ್ಲಿ ನಮ್ಮಂಥ ಹೆಂಗಸರಿಗೆ ಪ್ರಮಾಣಪತ್ರ ಬರೆಯುವ ಮೇಜು ಖಾಯಂ. ಓಟ ಬಿಡುವ ಕೆಲಸ ಗಂಡಸರದು. ಆ ವರ್ಷ ಹೇಗೋ ಏನೋ, ಅದನ್ನು ನನಗೆ ವಹಿಸಿದರು. ಸಮಿತಿಯ ಹಳೇ ರಿವಾಲ್ವರ್ ತುಕ್ಕು ಹಿಡಿದಿತ್ತು. ‘ನನ್ನದೇ ಒಂದು ತರುತ್ತೇನೆ’ ಎಂದುಬಿಟ್ಟೆ.

ಅಮ್ಮ ತೀರಿಕೊಂಡು ಆಗ ಆರು ತಿಂಗಳು. ಉಮ್ಮಚಗಿಯ ಹುಡುಗಿಯಾಗಿದ್ದಾಗ ಆಕೆ ಇದೇ ತಾಲೂಕಿನ ನೂರು ಮೀಟರ್ ಓಟದಲ್ಲಿ ದಾಖಲೆ ಮಾಡಿದ್ದಳು. ಹದಿಮೂರು ಪಾಯಿಂಟ್ ನಾಲ್ಕು ಸೆಕೆಂಡು. ಅಷ್ಟು ವರ್ಷವಾದರೂ ಅದನ್ನು ಯಾರೂ ಮುರಿದಿರಲಿಲ್ಲ. ತಮಾಷೆಯೆಂದರೆ, ಇದನ್ನು ಆಕೆ ಒಮ್ಮೆಯೂ ಹೇಳಲಿಲ್ಲ. ನೌಕರಿಗೆ ಸೇರಿದ ಮೇಲೆ ದಾಖಲೆ ಪುಸ್ತಕ ತಿರುವುವಾಗ ನನಗೇ ಸಿಕ್ಕಿತು. ಅಮ್ಮ ಓಡಿದ್ದನ್ನು ನಾನು ಕಂಡವಳೇ ಅಲ್ಲ. ಬಸ್ಸು ಹೊರಟು ನಿಂತಿದ್ದರೂ “ಓಡ್ಕ್ಯಂಡು ಹೋಪದೆಂತಕ್ಕೆ? ಇನ್ನೊಂದು ಬತ್ತು” ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅಂಥವಳ ನೆನಪಿಗೆ ಎಂದು ನನ್ನ ಮೊದಲ ರಿವಾಲ್ವರ್ ಆರಿಸಲು ಶಿರಸಿಗೆ ಹೋದೆ.

ಸಾಹೇಬರು ಎರಡು ತೆಗೆದಿಟ್ಟರು. ಒಂದು ಹೊಸದು, ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಕರೀದು, ಹಿಡಿಯ ಮರ ಸವೆದದ್ದು. ಹಿತ್ತಲಿಗೆ ಕರೆದೊಯ್ದು, ಮಸಿ ಬಳಿದ ಗೋಡೆಯೆದುರು ಎರಡನ್ನೂ ಹಾರಿಸಿ ತೋರಿಸಿದರು. ಹೊಸದು ಢಂ ಎಂದಿತು, ಪಕ್ಕದ ಮನೆಯ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ಕರೀದು ಮುದುಕರ ಕೆಮ್ಮಿನಂತೆ ಸದ್ದು ಮಾಡಿ ಒಂದು ದೊಡ್ಡ ಬಿಳಿ ಹೊಗೆಯುಂಡೆ ಬಿಟ್ಟಿತು. ಅದು ಗೋಡೆಯ ಕಪ್ಪಿನ ಮೇಲೆ ತುಂಬ ಹೊತ್ತು ನಿಂತೇ ಇತ್ತು...

“ಸದ್ದು ಕೇಳ್ಬೇಡಿ ಅಕ್ಕೋರೆ, ಹೊಗೆ ನೋಡಿ” ಎಂದರು ಸಾಹೇಬರು.

ಅವರು ಹೇಳಿದ್ದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗಡಿಯಾರ ಹಿಡಿದವರು ಓಟ ಮುಗಿಯುವ ಕಡೆ, ನೂರು ಮೀಟರ್ ದೂರದಲ್ಲಿ ನಿಂತಿರುತ್ತಾರೆ. ಸದ್ದು ಅವರ ಕಿವಿ ಮುಟ್ಟುವಷ್ಟರಲ್ಲಿ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು, ಅಂದರೆ ಮೂರು ಹತ್ತಾಂಶ, ಕಳೆದಿರುತ್ತದೆ. ಹೊಗೆ ಎದ್ದ ಕ್ಷಣವೇ ಕಾಣುತ್ತದೆ, ಹಾಗಾಗಿ ಹೊಗೆ ನೋಡಿಯೇ ಗುಂಡಿ ಒತ್ತಬೇಕು. ಇದನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿದವಳು ನಾನು. ಆದರೆ ಹಠ ಎನ್ನುವುದೊಂದಿದೆಯಲ್ಲ. ಬದುಕಿಡೀ ಮೆತ್ತಗೆ ಮಾತಾಡಿದ ಅಮ್ಮನ ಹೆಸರಿನಲ್ಲಿ ಕೆಮ್ಮುವ ರಿವಾಲ್ವರ್ ಒಯ್ಯಲೇ? ಇಡೀ ಯಲ್ಲಾಪುರಕ್ಕೆ ಕೇಳಲಿ ಎಂದು ಹೊಳೆಯುವುದನ್ನೇ ತೆಗೆದುಕೊಂಡೆ. ಸಾಹೇಬರು ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಕ್ರೀಡಾಕೂಟದ ದಿನ ಕೆಂಪು ಟೋಪಿ ಹಾಕಿಕೊಂಡು ಕೈಯೆತ್ತಿ ನಿಂತಾಗ ನನಗೆ ನೆಲ ಕಾಣುತ್ತಿರಲಿಲ್ಲ. ಹುಡುಗಿಯರ ನೂರು ಮೀಟರಿನಲ್ಲಿ ಇಡಗುಂದಿಯ ಕಡೆಯ ನಮ್ಮದೇ ಶಾಲೆಯ ಹುಡುಗಿ ಗೆದ್ದಳು. ಮೈಕಿನಲ್ಲಿ ಕೂಗಿದರು, ಹದಿಮೂರು ಪಾಯಿಂಟ್ ಎರಡು, ಹೊಸ ದಾಖಲೆ. ಹಳೇ ದಾಖಲೆ ಎಂದು ಅಮ್ಮನ ಹೆಸರು ಓದಿದರು. ಎದೆ ಚುಳ್ಳೆಂದರೂ ಚಪ್ಪಾಳೆ ಹೊಡೆದೆ. ಶಿಷ್ಯೆ ಮುರಿದರೆ ಅಮ್ಮನಿಗೂ ಖುಷಿಯೇ ಎಂದು ಸಮಾಧಾನ ಹೇಳಿಕೊಂಡೆ.

ಸಂಜೆ ಚಹಾ ಕುಡಿಯುವಾಗ ಗಡಿಯಾರ ಹಿಡಿದಿದ್ದ ಮಾಸ್ತರೊಬ್ಬರು ನಗುತ್ತ ಹೇಳಿದರು, “ನಿಮ್ಮ ರಿವಾಲ್ವರಿಗೆ ಹೊಗೆಯೇ ಇಲ್ಲೆ ಮಾರಾಯ್ತಿ, ನಂಗ, ಗಡಿಯಾರ ಹಿಡದವ್ವೆಲ್ಲ, ಸದ್ದು ಕೇಳೇ ಒತ್ತಿದ್ಯ.”

ಲೋಟ ಕೆಳಗಿಟ್ಟು ಲೆಕ್ಕ ಹಾಕಿದೆ. ಹದಿಮೂರು ಪಾಯಿಂಟ್ ಎರಡಕ್ಕೆ ಮೂರು ಹತ್ತಾಂಶ ಸೇರಿಸಿದರೆ ಹದಿಮೂರೂವರೆ. ದಾಖಲೆ ಮುರಿದೇ ಇರಲಿಲ್ಲ. ಅಮ್ಮನ ನೆನಪಿಗೆಂದು ತಂದ ರಿವಾಲ್ವರಿನಿಂದ ಅಮ್ಮನ ಹೆಸರನ್ನು ನಾನೇ ಅಳಿಸಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುವಾರ ಶಿರಸಿಗೆ ಹೋಗಿ ರಿವಾಲ್ವರನ್ನು ಸಾಹೇಬರ ಮುಂದಿಟ್ಟು ಎಲ್ಲ ಹೇಳಿ ಅತ್ತೆ. ಅವರು ಅಮ್ಮನ ಹುಟ್ಟೂರು ಕೇಳಿದರು, ವರ್ಷ ಕೇಳಿದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಉಮ್ಮಚಗಿ ಹುಡುಗಿ... ಆ ಓಟ ಬಿಟ್ಟಿದ್ದು ನಾನೇ ಅಕ್ಕೋರೆ. ಆಗೆಲ್ಲ ಕ್ರೀಡಾಕೂಟ ಬಂದ್ರೆ ನಮ್ಮ ಅಬ್ಬಾ ನನಗೆ ಕೇಪಿನ ಕೋವಿ ಕೊಟ್ಟು ಯಲ್ಲಾಪುರದ ಬಸ್ಸು ಹತ್ತಿಸ್ತಿದ್ರು. ಬರೀ ಮದ್ದು ತುಂಬಿ ಹೊಡೀತಿದ್ದೆ. ಹೊಗೆ ಅಂದ್ರೆ ಹೊಗೆ! ನಿಮ್ಮ ತಾಯಿ ಟೈಮು ಅಪ್ಪಟ ಟೈಮು.”

ನನಗೆ ಇನ್ನಷ್ಟು ಅಳು ಬಂತು. ಅವರು ಹೊಳೆಯುವುದನ್ನು ವಾಪಸು ಕಪಾಟಿಗಿಟ್ಟು ಕರೀದನ್ನು ನನ್ನ ಕೈಗೆ ಕೊಟ್ಟರು. ಕೊಡುವಾಗ ಮೆಲ್ಲಗೆ ಹೇಳಿದರು, “ತಪ್ಪು ಓಟ ಆದ್ರೆ ಎರಡನೇ ಕೇಪು ಹಾರಿಸಿ ಮಕ್ಕಳನ್ನ ವಾಪಸ್ ಕರೀಬೇಕು. ಅದಕ್ಕೇ ಅಲ್ವಾ ನಾವು ಯಾವಾಗ್ಲೂ ಎರಡು ತುಂಬೋದು? ನೀವು ಕರೀಲಿಲ್ಲ. ಈಗ್ಲಾದ್ರೂ ಸಮಿತಿಗೆ ಹೇಳಿ.”

ಹೇಳಲಿಲ್ಲ. ಶಾಲೆಯ ಫಲಕಕ್ಕೆ ಹುಡುಗಿಯ ಫೋಟೋ ಏರಿತ್ತು. ತಾಯಿಯ ದಾಖಲೆ ಉಳಿಸಿಕೊಳ್ಳಲು ಮಗಳು ಕತೆ ಕಟ್ಟಿದಳು ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ ಬೇರೆ. ಬಿಸಿತುಪ್ಪವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒಂದು ವರ್ಷ ಬಾಯಲ್ಲಿಟ್ಟುಕೊಂಡೆ.

ಮರುವರ್ಷ ಕರೀ ರಿವಾಲ್ವರ್ ಹಿಡಿದು ನಿಂತೆ. ಅದು ಕೆಮ್ಮಿತು, ಹೊಗೆ ಮೇಲೆದ್ದು ನಿಂತಿತು, ಹುಡುಗಿಯರು ಅದರೊಳಗಿಂದ ಹೊರಟವರಂತೆ ದೂರವಾಗುತ್ತ ಹೋದರು... ಅದೇ ಹುಡುಗಿ ಗೆದ್ದಳು. ಹದಿಮೂರು ಪಾಯಿಂಟ್ ಮೂರು. ಮೈಕಿನಲ್ಲಿ ದಾಖಲೆಯ ಮಾತಿಲ್ಲ. ಹುಡುಕಿಕೊಂಡು ಹೋದರೆ ಅವಳು ನೀರಿನ ಟ್ಯಾಂಕಿನ ಹಿಂದೆ ಕೂತು ಬಿಕ್ಕುತ್ತಿದ್ದಳು.

“ಹೋದ್ ವರ್ಷಕ್ಕಿಂತ ನಿಧಾನ ಆಗೋಯ್ತು ಟೀಚರ್. ಇಡೀ ವರ್ಷ ಬೆಳಿಗ್ಗೆ ಎದ್ದು ಓಡೀನಿ...”

ಅವಳು ನಿಧಾನವಾಗಿರಲಿಲ್ಲ. ಅಮ್ಮನ ದಾಖಲೆಯನ್ನು ನಿಜವಾಗಿ ಮುರಿದದ್ದು ಅವತ್ತೇ. ಮುರಿದವಳೇ ಸೋತೆನೆಂದು ಅಳುತ್ತಿದ್ದಳು, ನನ್ನಿಂದಾಗಿ. ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು. ಅಲ್ಲೇ ಅವಳೆದುರು ನೆಲದಲ್ಲಿ ಕೂತು ಎಲ್ಲ ಹೇಳಿದೆ.

ಅವಳು ಮೂಗೊರೆಸಿಕೊಂಡು ನನ್ನನ್ನೇ ನೋಡಿದಳು. “ಒಂದು ವರ್ಷ ಸುಮ್ನಿದ್ರಲ್ಲ ಟೀಚರ್” ಎಂದಳು. ಆಮೇಲೆ, “ಅದನ್ನ ತೆಗೆಸಿ. ಇವತ್ತಿಂದು ಬರೆಸಿ” ಎಂದು ಎದ್ದಳು.

ತಪ್ಪು ನನ್ನದೆಂದು ಬರೆದುಕೊಟ್ಟೆ. ದಾಖಲೆಯನ್ನು ಯಾರಾದರೂ ತಾವಾಗಿ ಇಳಿಸಿಕೊಳ್ಳುತ್ತಾರೆಯೇ ಎಂದು ಸಮಿತಿಯವರು ನಕ್ಕರು, ಗೊಣಗಿದರು, ಕೊನೆಗೆ ತಿದ್ದಿದರು. ನನ್ನನ್ನು ಮತ್ತೆ ಪ್ರಮಾಣಪತ್ರದ ಮೇಜಿಗೇ ಕೂರಿಸಿದರು. ಬೇಸರವಾಯಿತು, ಆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸಾಹೇಬರಿಗೆ ಈ ಸುದ್ದಿ ಹೇಳಲು ಓಡಿದೆ. ಶಭಾಷ್ ಎಂದಾರು ಎಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ, “ಹೊಗೆ ಚೆನ್ನಾಗಿ ಬಂತಾ?”

ಆಮೇಲೆ ಶಿರಸಿಗೆ ಹೋದಾಗಲೆಲ್ಲ ಆ ಅಂಗಡಿಗೆ ಹೋಗುತ್ತಿದ್ದೆ. ಕೊಳ್ಳುವುದೇನೂ ಇರಲಿಲ್ಲ, ಅಮ್ಮನ ಓಟದ ಕತೆ ಬೇಕಿತ್ತು. “ಬಿಡುವವನಿಗೆ ಬೆನ್ನು ಮಾತ್ರ ಕಾಣೋದು ಅಕ್ಕೋರೆ” ಎನ್ನುತ್ತಲೇ ಒಂದೊಂದು ಸಲಕ್ಕೆ ಒಂದೊಂದು ಕೊಡುತ್ತಿದ್ದರು. ಬರಿಗಾಲಲ್ಲಿ ಓಡಿದ್ದಳಂತೆ. ಅರ್ಧ ದಾರಿಯಲ್ಲಿ ಒಂದು ಜಡೆ ಬಿಚ್ಚಿತ್ತಂತೆ. ಗೆದ್ದ ಮೇಲೂ ನಿಲ್ಲಲು ತಿಳಿಯದೆ ಬೇಲಿಯವರೆಗೂ ಓಡಿದ್ದಳಂತೆ... ಕೇಳುತ್ತ ಕೂತರೆ ಅಂಗಡಿಯ ಎಣ್ಣೆ, ಮದ್ದಿನ ವಾಸನೆಯ ನಡುವೆ ಹದಿನೈದರ ಅಮ್ಮ ಸುಳಿದು ಹೋಗುತ್ತಿದ್ದಳು.

ಕಳೆದ ರಂಜಾನಿಗೆ ಮುಂಚೆ ಸಾಹೇಬರು ಹೋದರು. ಈಗ ಕ್ರೀಡಾಕೂಟದಲ್ಲಿ ಓಟ ಬಿಡಲು ಬ್ಯಾಟರಿಯ ಯಂತ್ರ ಬಂದಿದೆ, ಕರೀ ರಿವಾಲ್ವರಿಗೆ ಕೇಪು ಕೂಡ ಸಿಗುವುದಿಲ್ಲ. ಅದಕ್ಕೆ ನನಗೆ ಅಂಥ ದುಃಖವಿಲ್ಲ. ಸಾಹೇಬರಿಲ್ಲ ಎಂಬುದಕ್ಕಿದೆ. ಅಮ್ಮ ಓಡಿದ್ದನ್ನು ಕಂಡವರಲ್ಲಿ ನನಗೆ ಗೊತ್ತಿದ್ದವರು ಅವರೊಬ್ಬರೇ. ಮೈದಾನದ ಆರು ಸಾಲುಗಳಲ್ಲಿ ಅವಳು ಎಷ್ಟನೆಯದರಲ್ಲಿ ಓಡಿದ್ದಳೆಂದು ಕೇಳಬೇಕೆಂದುಕೊಂಡಿದ್ದೆ, ಮುಂದಿನ ಸಲ ಕೇಳಿದರಾಯಿತೆಂದು ಬಿಟ್ಟಿದ್ದೆ.

ಈಗ ಮೈದಾನಕ್ಕೆ ಸುಣ್ಣದ ಗೆರೆ ಎಳೆದು ಮುಗಿಸಿದ ಮೇಲೆ ಆರೂ ಸಾಲುಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಯಾವುದನ್ನು ನೋಡಬೇಕೆಂದು ಹೇಳುವವರಿಲ್ಲ.