ಪಟ್ಟಿಯಲ್ಲಿಲ್ಲದ ಬೆಲ್

ಆ ಔಷಧಿ ಗೋದಾಮಿನ ಕಚೇರಿಯಲ್ಲಿ ಎಲ್ಲರೂ ಅವಳನ್ನು ಚೀಟಿ ಮೇಡಂ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂದು ವರ್ಷದಿಂದ ಅಲ್ಲಿನ ನೆಟ್‌ವರ್ಕ್ ನೋಡಿಕೊಂಡಿದ್ದವಳು. ಮನೆಗೊಂದು ನಂಬರಿರುವ ಹಾಗೆ ನೆಟ್‌ವರ್ಕಿನ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಇರುತ್ತದಲ್ಲ, ಅದನ್ನು ಚೀಟಿಯಲ್ಲಿ ಬರೆದು ಯಂತ್ರದ ಬೆನ್ನಿಗೆ ಅಂಟಿಸುವುದು ಅವಳ ರೂಢಿ. ಏನಾದರೂ ಬದಲಾಯಿಸಬೇಕಾದರೆ ಮೊದಲು ನಾಲ್ಕೂ ಮಹಡಿ ಹತ್ತಿಳಿದು ಚೀಟಿಗಳನ್ನು ಓದಿ ಬರುತ್ತಿದ್ದಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಮಂಡಿನೋವಿದ್ದವರಿಗೆ ಅಷ್ಟಾದರೂ ಬೇಡವೇ?

ಹೊಸ ಮ್ಯಾನೇಜರಿಗೆ ಚೀಟಿ ಕಂಡರಾಗದು. ಬಂದ ಎರಡನೇ ವಾರವೇ "ಗಲೀಜು" ಎಂದು ಎಲ್ಲವನ್ನೂ ಕೀಳಿಸಿ ಕಸದ ಬುಟ್ಟಿಗೆ ಹಾಕಿಸಿದ. ಅವಳಿಗೆ ಮೈಯೆಲ್ಲ ಉರಿಯಿತು. ನಂಬರುಗಳೆಲ್ಲ ತನ್ನ ಪುಸ್ತಕದಲ್ಲೂ ಇವೆಯಲ್ಲ ಎಂದು ಹಲ್ಲು ಕಚ್ಚಿ ಆ ಪುಸ್ತಕವನ್ನು ಚೀಲಕ್ಕೆ ಸೇರಿಸಿದಳು.

ಈಗ ಪಕ್ಕದ ಕಟ್ಟಡದ ಕಚೇರಿಯನ್ನೂ ಇದೇ ನೆಟ್‌ವರ್ಕಿಗೆ ಸೇರಿಸಬೇಕಿತ್ತು. ಎರಡೂ ಕಡೆ ಅವೇ ನಂಬರುಗಳು, ಹಾಗಾಗಿ ಇಲ್ಲಿನವನ್ನೆಲ್ಲ ಬದಲಾಯಿಸಲೇಬೇಕು. ಮ್ಯಾನೇಜರ್ ಕೂತಲ್ಲಿಂದ ಏಳದೆ ಯೋಜನೆ ಮುಗಿಸಿದ. ಒಂದು ಸಾಫ್ಟ್‌ವೇರ್ ಓಡಿಸಿದ, ಅದು ಎಲ್ಲ ಯಂತ್ರಗಳನ್ನೂ ಕರೆಯಿತು, ಓಗೊಟ್ಟವುಗಳ ಪಟ್ಟಿ ಬಂತು. ಒಟ್ಟು ನೂರ ಎಪ್ಪತ್ತೆರಡು.

"ನನ್ನ ಪುಸ್ತಕದಲ್ಲಿ ನೂರ ಎಪ್ಪತ್ಮೂರಿದೆ ಸರ್. ಕೆಳಗಡೆ ಕೋಲ್ಡ್ ರೂಮಿನ ಬೆಲ್ ಬಿಟ್ಟೋಗಿದೆ," ಎಂದಳು ಅವಳು.

"ಇದ್ದಿದ್ರೆ ಪಟ್ಟೀಲಿ ಬರ್ತಿತ್ತು ಮೇಡಂ."

"ಅದಕ್ಕೆ ಕೂಗೋದು ಮಾತ್ರ ಗೊತ್ತು, ಕರೆದ್ರೆ ಓಗೊಡಲ್ಲ. ಗಾರ್ಡ್ ರೂಮಿನ ಕಂಪ್ಯೂಟರ್ ನಂಬರನ್ನ ನಾನೇ ಅದರೊಳಗೆ ಹಾಕಿದೀನಿ. ಆ ನಂಬರ್ ಬದಲಾದ್ರೆ ಬೆಲ್ ಯಾರನ್ನ ಕೂಗುತ್ತೆ?"

"ನಿಮ್ಮ ಚೀಟಿ ಕಾಲ ಮುಗೀತು ಮೇಡಂ," ಎಂದು ಅವನು ನಕ್ಕ. ಮೇಜಿನ ಸುತ್ತ ಕೂತವರೂ ಹಲ್ಲು ಕಿರಿದರು.

ಆ ಕೋಲ್ಡ್ ರೂಮಿನ ಸ್ಟೋರ್‌ಕೀಪರ್ ಅವಳ ಒಡಹುಟ್ಟಿದ ತಮ್ಮ. ಮೂರು ವರ್ಷದ ಹಿಂದೆ ಬಾಗಿಲಿನ ಒಳಗಿನ ಹಿಡಿ ಮಂಜುಗಟ್ಟಿ ಬಿಗಿದುಕೊಂಡು, ನಲವತ್ತು ನಿಮಿಷ ಒಳಗೇ ಸಿಕ್ಕಿಕೊಂಡಿದ್ದ. ಅವನು ಬಾಗಿಲು ಗುದ್ದಿದ್ದು ಒಂದು ನರಪಿಳ್ಳೆಗೂ ಕೇಳಿಸಲಿಲ್ಲ. ಎಡಗೈಯ ಎರಡು ಬೆರಳ ತುದಿ ಹೋದವು. ಇವತ್ತಿಗೂ ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಾನೆ. ಆ ಹಿಡಿ ಈಗಲೂ ಬಿಗಿದುಕೊಳ್ಳುತ್ತದೆ. ಆ ಮೇಲೆಯೇ ಅವಳು ಯಾರನ್ನೂ ಕೇಳದೆ ಕೇಬಲ್ ಎಳೆದು, ಒಳಗೆ ಒತ್ತಿದರೆ ಗಾರ್ಡ್ ರೂಮಿನಲ್ಲಿ ಬಡಿಯುವ ಆ ಬೆಲ್ ಕೂರಿಸಿದ್ದು. ಅದೆಲ್ಲ ನೆನಪಾಗಿ, ಮೇಜಿನ ಸುತ್ತ ನಗುತ್ತಿದ್ದವರ ಮುಖ ನೋಡಿದಾಗ ಅವಳಿಗೆ ಒಬ್ಬೊಬ್ಬರಿಗೂ ಕಪಾಳಕ್ಕೆ ಬಾರಿಸಬೇಕೆನಿಸಿತು.

ಎರಡು ಸಲ ಪತ್ರ ಕೊಟ್ಟಳು. ಎರಡಕ್ಕೂ "ಪರಿಶೀಲಿಸಲಾಗುವುದು" ಎಂದು ಉತ್ತರ ಬಂತು.

ಯೋಜನೆಯ ಪ್ರಕಾರ ಶುಕ್ರವಾರ ಬೆಳಿಗ್ಗೆ ಮೊದಲು ಬದಲಾಗಬೇಕಿದ್ದದ್ದು ಗಾರ್ಡ್ ರೂಮು. ಅವಳು ಅದಕ್ಕೂ ಮುಂಚೆ ಕೆಳಗಿಳಿದು ತಮ್ಮನನ್ನು ಕೋಲ್ಡ್ ರೂಮಿನಿಂದ ಹೊರಗೆಳೆದಳು.

"ನಾನು ಹೇಳೋವರ್ಗೂ ಒಳಗೆ ಕಾಲಿಟ್ರೆ ಆ ಕಾಲೇ ಮುರಿದಾಕ್ತೀನಿ."

"ಯಾರ ಮೇಲೆ ಅಕ್ಕಾ ಕೋಪ?"

"ಎಲ್ಲರ ಮೇಲೂ."

ಗಾರ್ಡ್ ರೂಮಿನ ನಂಬರು ಬದಲಾಯಿಸಿ, ಮ್ಯಾನೇಜರನ್ನು ಕರೆತಂದಳು. "ಮೊದಲ್ನೇ ಹಂತ ಮುಗೀತು ಸರ್. ಒಳಗೋಗಿ ಬೆಲ್ ಒತ್ತಿ ನೋಡಿ. ನಾನು ಬಾಗಿಲ ಹತ್ರಾನೇ ಇರ್ತೀನಿ."

ಅವನು ತೆಳ್ಳನೆಯ ಅಂಗಿಯಲ್ಲೇ ನಗುತ್ತ ಒಳಹೋದ. ಅವಳು ಬಾಗಿಲು ಹಾಕಿ, ಹೊರಗಿನ ಹಿಡಿಯ ಮೇಲೆ ಕೈಯಿಟ್ಟು, ಗಡಿಯಾರ ನೋಡುತ್ತ ನಿಂತಳು. ಇನ್ನೊಂದು ಕೈಯಲ್ಲಿದ್ದ ಮೊಬೈಲಿನಿಂದ ಗಾರ್ಡ್ ಹೇಳಿದ: "ಇಲ್ಲೇನೂ ಬಡೀಲಿಲ್ಲ ಮೇಡಂ."

ಒಳಗಿನಿಂದ ಗುದ್ದುವ ಸದ್ದು ಮೆತ್ತಗೆ ಕೇಳಿಸಿತು. ಪಕ್ಕದಲ್ಲೇ ನಿಂತಿದ್ದ ತಮ್ಮ ಅವಳ ತೋಳು ಹಿಡಿದ.

"ಸಾಕು ತೆಗಿಯಕ್ಕಾ."

ಒಂದು ನಿಮಿಷವಾಗುತ್ತಲೇ ತೆಗೆದಳು. ಮ್ಯಾನೇಜರ್ ಮಬ್ಬುಗಟ್ಟಿದ ಕನ್ನಡಕದಲ್ಲಿ ತಡವರಿಸುತ್ತ ಹೊರಬಂದ. "ಎಷ್ಟೊತ್ತು ಬಿಟ್ರಿ! ನಿಮ್ಮೇಲೆ ಕಂಪ್ಲೇಂಟ್ ಕೊಡ್ತೀನಿ!"

"ಕೊಡಿ. ಒಂದು ನಿಮಿಷ ಅಂತ ಬರೀರಿ." ಅವಳು ತಮ್ಮನ ಎಡಗೈ ಹಿಡಿದೆತ್ತಿ ಮ್ಯಾನೇಜರ್ ಮುಖದೆದುರು ಇಟ್ಟಳು. "ಇವನು ನಲವತ್ತು ನಿಮಿಷ ಇದ್ದ."

ಅವನು ಕನ್ನಡಕ ಒರೆಸಿಕೊಂಡು ಆ ಕೈಯನ್ನು ನೋಡಿದ. ಆಮೇಲೆ ಕಂಪ್ಲೇಂಟಿನ ಮಾತೆತ್ತಲಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕೂತು ಬೆಲ್ಲಿಗೆ ಹೊಸ ನಂಬರು ಹಾಕಿದಳು. ಒತ್ತಿದಾಗ ಮೇಲೆ ಗಾರ್ಡ್ ರೂಮಿನಲ್ಲಿ ಕಿವಿಗಡಚಿಕ್ಕುವಂತೆ ಬಡಿಯಿತು. ಅವಳ ಕೋಪ ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಪುಸ್ತಕದಿಂದ ಚೀಟಿ ಹರಿದು, ನಂಬರು ಬರೆದು, ಗೋಂದಿನ ಡಬ್ಬಿಯ ಸಮೇತ ಮ್ಯಾನೇಜರ್ ಕೈಗಿಟ್ಟಳು.

"ನೀವೇ ಅಂಟಿಸಿ."

ಅವನು ಅಂಟಿಸಿದ.